ಟ್ಯಾಮ್ ಸಾಕು ಎಂದಿದ್ದ

ನಮ್ಮ ಸೆಣಬಿನ ಗಿರಣಿಯ ಪರ್ವತಾರೋಹಣ ಸಂಘಕ್ಕೆ ಟ್ಯಾಮ್ ಲೋರಿಮರ್ ಕಾರ್ಯದರ್ಶಿ. ಮಗ್ಗ ರಿಪೇರಿಯ ಕೆಲಸ, ನಲವತ್ತೊಂಬತ್ತು ವಯಸ್ಸು; ಹೆಂಡತಿ ಇಸೊಬೆಲ್, ಒಬ್ಬಳು ಮಗಳು. ಹಿಮದ ಮೇಲೆ ಹೆಜ್ಜೆ ಊರುವುದನ್ನು, ಜಾರಿದರೆ ಹಿಮಗೊಡಲಿ ಚುಚ್ಚಿ ನಿಲ್ಲುವುದನ್ನು ನನಗೂ ನನ್ನ ತಮ್ಮ ರೋರಿಗೂ ಕಲಿಸಿದವನು ಅವನೇ. ಹವೆ ಸ್ವಲ್ಪ ಕೆಟ್ಟರೂ ಸಾಕು, ‘ಇಳಿಯೋಣ’ ಅನ್ನುತ್ತಿದ್ದ. ಅದಕ್ಕೆ ಸಂಘದವರೆಲ್ಲ ಅವನನ್ನು ರೇಗಿಸುತ್ತಿದ್ದರು.

ಅರವತ್ತನಾಲ್ಕರ ಫೆಬ್ರವರಿ. ಭಾನುವಾರ ನಮ್ಮೂರು ಡಂಡೀಯಿಂದ ಬಸ್ಸಿನಲ್ಲಿ ಹೋಗಿ, ನಾವು ಮೂವರೂ ಲಾಕ್‌ನಗಾರ್ ಬೆಟ್ಟದ ಒಂದು ಕಡಿದಾದ ಕೊರಕಲು ಹತ್ತುತ್ತಿದ್ದೆವು. ನಮ್ಮ ಸಂಘದ ಹೆಂಗಸರಲ್ಲಿ ಯಾರೂ ಅದನ್ನು ಹತ್ತಿರಲಿಲ್ಲ. ಮೊದಲನೆಯವಳು ನಾನಾಗಬೇಕೆಂಬ ಹಟ ನನಗೆ. ಮುಕ್ಕಾಲು ಭಾಗ ಏರಿದ್ದಾಗ ಟ್ಯಾಮ್ ಕೊಡಲಿಯ ಹಿಡಿಯಿಂದ ಹಿಮವನ್ನು ತಟ್ಟಿ ನೋಡಿದ.

“ಸಾಕು, ಎಫಿ. ಒಳಗೆ ಟೊಳ್ಳು. ಇಳಿಯೋಣ.”

“ಏನ್ ಟ್ಯಾಮಜ್ಜಾ, ಮಂಡಿ ನಡುಗ್ತಿದ್ಯಾ? ಇಸೊಬೆಲ್ ಸೂಪ್ ಬಿಸಿ ಮಾಡ್ಕೊಂಡು ಕಾಯ್ತಿರ್ತಾರೆ, ಹೋಗಿ ನೀವು. ನಾವ್ ಹತ್ಕೋತೀವಿ.”

ನಾನು ಹಾಗೆ ರೇಗಿಸಿದ್ದಕ್ಕೆ ರೋರಿ ಕಿಸಕ್ಕನೆ ನಕ್ಕ. ಟ್ಯಾಮ್ ನಗಲಿಲ್ಲ.

“ನಿನ್ ಹಟಕ್ಕಿಷ್ಟು ಬೆಂಕಿ ಹಾಕ. ನಿಮ್ಮಿಬ್ರನ್ನೇ ಬಿಟ್ಟು ಹೋಗಕ್ಕಾಗತ್ತಾ? ಬಂಡೆಗೆ ಒತ್ಕೊಂಡು ನಿಂತಿರಿ, ಮುಂದೆ ನಾನ್ ಹೋಗ್ತೀನಿ.”

ಹದಿನೈದು ಅಡಿ ಹೋಗಿದ್ದನೋ ಇಲ್ಲವೋ, ಹಿಮದ ಪದರ ಹಾಗೇ ಕಳಚಿಕೊಂಡು ಅವನನ್ನೂ ಎಳೆದುಕೊಂಡು ಕೆಳಗೆ ಹೋಯಿತು. ನಮ್ಮನ್ನು ಒಬ್ಬರಿಗೊಬ್ಬರು ಬಿಗಿದಿದ್ದ ಹಗ್ಗ ನನ್ನ ಸೊಂಟವನ್ನು ಒಮ್ಮೆ ಜಗ್ಗಿ ಸಡಿಲವಾಯಿತು. ಬಂಡೆಯ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿತ್ತು.

ನಾವು ಕೆಳಗಿಳಿಯಲು ಎರಡು ಗಂಟೆ ಹಿಡಿಯಿತು. ಟ್ಯಾಮ್ ಬೆಟ್ಟದ ಬುಡದ ಕೆರೆಯ ದಂಡೆಯಲ್ಲಿ ಕಲ್ಲುಗಳ ನಡುವೆ ಬಿದ್ದಿದ್ದ. ಇನ್ನೂ ಉಸಿರಿತ್ತು. ರೋರಿ ಜನ ಕರೆತರಲು ಓಡಿದ. ನಾನು ನನ್ನ ಕೋಟು ಹೊದಿಸಿ ಪಕ್ಕದಲ್ಲಿ ಕೂತೆ. ಅವನು ಕಣ್ಣು ಬಿಟ್ಟ.

“ಹುಡ್ಗೀ, ನಿಂಗೇನೂ ಆಗ್ಲಿಲ್ಲ ತಾನೆ?”

ಇಲ್ಲ ಎಂದೆ. ಅವನು ಕಣ್ಣು ಮುಚ್ಚಿದ. ಹಿಮ ಉದುರತೊಡಗಿತು. ಜನ ಬರುವಷ್ಟರಲ್ಲಿ ಅವನ ಮೀಸೆಯ ಮೇಲೆ ಬಿದ್ದ ಹಿಮ ಕರಗುವುದು ನಿಂತಿತ್ತು.

ಮಣ್ಣಿಗಿಟ್ಟ ಮಾರನೆಯ ದಿನ ಇಸೊಬೆಲ್ ನಮ್ಮಿಬ್ಬರನ್ನೂ ಅಡುಗೆಮನೆಯಲ್ಲಿ ಕೂರಿಸಿಕೊಂಡು ಕೇಳಿದಳು: “ವಾಪಸ್ ಹೋಗೋಣ ಅಂತ ಅವ್ರು ಹೇಳ್ಲೇ ಇಲ್ವಾ? ಯಾವಾಗ್ಲೂ ಹೇಳ್ತಿದ್ರಲ್ಲ?”

“ಇಲ್ಲ,” ಎಂದೆ. “ಹತ್ತೇಬಿಡೋಣ ಅಂದ್ರು.”

ರೋರಿ ನೆಲ ನೋಡುತ್ತಿದ್ದ.

ಅಂದಿನಿಂದ ಇಸೊಬೆಲ್ ಸತ್ತ ಗಂಡನ ಮೇಲೆ ಮುನಿಸಿಕೊಂಡಳು. ಗೋಡೆಯಿಂದ ಅವನ ಪಟ ಇಳಿಸಿದಳು. ನಿಮ್ಮಪ್ಪನಿಗೆ ನಮಗಿಂತ ಬೆಟ್ಟವೇ ಹೆಚ್ಚಾಗಿತ್ತು ಎಂದು ಮಗಳಿಗೆ ಹೇಳಿದಳು. ಗಿರಣಿಯಲ್ಲಿ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ತಲೆ ತಗ್ಗಿಸಿ ನೂಲು ಸುತ್ತುತ್ತಿದ್ದೆ. ರೋರಿ ಸಂಘ ಬಿಟ್ಟ; ನನ್ನ ಜೊತೆ ಮಾತನ್ನೂ ಕಡಿಮೆ ಮಾಡಿದ.

ಏಳು ವರ್ಷ ಕಳೆದ ಮೇಲೆ ತಡೆಯಲಾರದೆ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಇಸೊಬೆಲ್ ಆಲೂಗಡ್ಡೆ ಹೆರೆಯುತ್ತಿದ್ದವಳು ಚಾಕು ಕೆಳಗಿಟ್ಟಳು.

“ಏಳು ವರ್ಷ, ಎಫಿ. ಒಂದು ದಿನಾನೂ ಅವ್ರ ಗೋರಿಗೆ ಹೋಗಿಲ್ಲ ನಾನು.”

“ತಪ್ಪಾಯ್ತು.”

“ಎದ್ದೇಳು. ಹೊರಗೆ ನಡಿ.”

ಅದೇ ವರ್ಷ ಮೇ ತಿಂಗಳಲ್ಲಿ ಅವಳೇ ಹೇಳಿಕಳಿಸಿದಳು, ಜಾಗ ತೋರಿಸಬೇಕೆಂದು. ಕೊರಕಲಿನಲ್ಲಿ ಇನ್ನೂ ಕೊಳಕು ಹಿಮ ಉಳಿದಿತ್ತು. ಟ್ಯಾಮ್ ಬಿದ್ದಿದ್ದ ಕಲ್ಲುಗಳನ್ನು ತೋರಿಸಿದೆ. ಅವಳು ಅಲ್ಲಿ ಕೂತು, ಕಲ್ಲಿನ ಮೇಲೆ ಕೈಯಿಟ್ಟು, ಏನೋ ಮೆಲ್ಲಗೆ ಹೇಳಿಕೊಂಡಳು. ಅದು ನನಗೆ ಕೇಳಿಸಬಾರದೆಂದು ನಾನು ದೂರ ಸರಿದೆ. ವಾಪಸಾಗುವಾಗ ತೊರೆ ದಾಟಲು ಕೈ ಚಾಚಿದೆ. ಅವಳು ಹಿಡಿಯಲಿಲ್ಲ, ಮೊಣಕಾಲಿನವರೆಗೆ ನೀರಿಗಿಳಿದು ತಾನೇ ದಾಟಿ, ಮುಂದೆ ನಡೆದಳು.