ಎತ್ತು ಕಟ್ಟಿದ ಗೆರೆ

ನಾಲ್ಕು ಬೇವಿನ ಕಂಬಗಳಲ್ಲಿ ಒಂದಕ್ಕೆ ಮಾತ್ರ ನನ್ನ ಗಂಡ ವೃಷಭ ಅವರು ಗೂಟ ಕೆತ್ತಿದ್ದರು. ಮೇಲಿನ ತೊಲೆಯ ತೂತಿನಲ್ಲಿ ಕೂರುವ ಗೂಟ, ಗೇಣುದ್ದದ್ದು. ಎರಡನೆಯದಕ್ಕೆ ಗುರುತು ಹಾಕಿದರು. ಅಷ್ಟರಲ್ಲಿ ಜ್ವರ ಬಂತು, ಮತ್ತೆ ಏಳಲಿಲ್ಲ.

ನಮ್ಮಿಬ್ಬರಿಗೂ ಬಡಿಗತನ ಗೊತ್ತಿರಲಿಲ್ಲ. ಹುನ್ನೂರಿನ ಹೊರಗೆ, ಹೊಲದ ಅಂಚಿಗೆ, ನಮ್ಮ ಕೈಯಿಂದಲೇ ಮನೆ ಆಗಬೇಕೆಂದು ಅವರ ಹಟ. ತಮ್ಮ ತಲೆಗೆ ಸುತ್ತಿದ ರುಮಾಲಿನ ಮೇಲೆ ಒಂದು ಗೇಣು ಬಿಟ್ಟು ಕಂಬದ ಎತ್ತರ ಅಳೆದಿದ್ದರು.

ಪುಣೆಯಲ್ಲಿ ನಾನು ತರ್ಕಶಾಸ್ತ್ರ ಓದಿದ್ದೆ. ಗರಗಸ ಹಿಡಿಯುವುದನ್ನು ಅವರು ಹೋದ ಮೇಲೆ ಕಲಿತೆ. ಅದನ್ನು ಎಳೆಯುವಾಗ ಬೇರೆ ಏನೂ ಕೇಳಿಸುವುದಿಲ್ಲ. ಉಳಿದ ಮೂರು ಕಂಬ ನಾನೇ ಕೆತ್ತಿದೆ.

ತೊಲೆ ಏರಿಸುವ ದಿನ ಅವರ ಕಾಕಾ ಆದಪ್ಪನವರು ಓಣಿಯ ಗಂಡಸರನ್ನು ಕರೆತಂದರು. ಕಂಬಗಳು ನಿಂತಿದ್ದವು. ನನ್ನ ಅತ್ತೆ ಬಾಳವ್ವ ಮಗ ಕೆತ್ತಿದ ಕಂಬದ ತುದಿಯನ್ನೇ ನೋಡುತ್ತಿದ್ದರು. ಅಲ್ಲಿ ಹಗ್ಗ ಸವೆಸಿದ ಆಳವಾದ ಗೆರೆ ಇತ್ತು.

"ಇದು ನಮ್ಮ ಹಿತ್ತಲದ ಬೇವಲ್ಲ? ಎತ್ತು ಕಟ್ಟತಿದ್ದ ಗೆರಿ ಇದು. ಬುಡದಾಗಿತ್ತು," ಎಂದರು ಅತ್ತೆ.

"ನಿಮ್ಮ ಎತ್ತ ಮಾಳಗಿ ಮ್ಯಾಲ ಮೇಯತಿತ್ತೇನ್ರಿ ಆದಪ್ಪಣ್ಣಾ?" ಎಂದ ಓಣಿಯ ಲಗಮಪ್ಪ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

"ಗಿಡ ನಿಂತಂಗ ಕಂಬ ನಿಲ್ಲಬೇಕವಾ," ಎಂದರು ಕಾಕಾ. "ತಲಿಕೆಳಗಾದ ಕಂಬದ ಮನಿ ಏಳಿಗಿ ಆಗೂದಿಲ್ಲ. ಇದಕ ಯಾರೂ ಹೆಗಲ ಕೊಡಾಂಗಿಲ್ಲ."

"ಆ ಗೂಟ ಕೊಯ್ದ ಒಗಿ, ಹೀರಾ. ತಿರುವಿ ಬ್ಯಾರೆ ಕೆತ್ತು," ಎಂದರು ಅತ್ತೆ.

"ಅದು ನಿಮ್ಮ ಮಗನ ಕೈಯಾಂದ್ರಿ, ಅತ್ತಿ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾಡಿದ್ದ ಬರತೀವಿ ಎಂದು ಗಂಡಸರು ಹೋದರು.

ತೊಲೆಯನ್ನು ನಾನೊಬ್ಬಳೇ ಎತ್ತಲಾರೆ. ಗೂಟವನ್ನು ಕೊಯ್ಯಲಾರೆ.

ಕಂಬವನ್ನು ಕೆಡವಿ ತಿರುಗಿಸಿದೆ. ಕೆಳಗೆ ಒಂದು ಕಲ್ಲಿನ ಬದಲು ಎರಡು ಕಲ್ಲು ಇಟ್ಟು, ನಡುವಿನ ಸಂದಿಗೆ ಅವರ ಗೂಟ ಇಳಿಸಿದೆ. ಸುಣ್ಣ, ಗರಸು ಮಣ್ಣು ಹಾಕಿ ಜಡಿದೆ. ಮೇಲೆ ನಾನು ಹೊಸ ಗೂಟ ಕೆತ್ತಿದಾಗ ಕಂಬ ಒಂದು ಗೇಣು ಗಿಡ್ಡವಾಯಿತು. ತೊಲೆ ಸಮನಾಗಿ ಕೂರಲೆಂದು ಉಳಿದ ಮೂರರ ಬುಡದಿಂದಲೂ ಗೇಣು ಗೇಣು ಕೊಯ್ದೆ. ಆ ತುಂಡುಗಳನ್ನು ಅತ್ತೆ ಒಲೆಗೆಂದು ಆರಿಸಿಕೊಂಡರು.

ಗಂಡಸರು ಬಂದರು. ಗೆರೆ ನೆಲದ ಹತ್ತಿರ ಇರುವುದನ್ನು ನೋಡಿ ಹೆಗಲು ಕೊಟ್ಟರು. ತೊಲೆ ಕೂತಿತು.

ಅದರ ಕೆಳಗೆ ಹಾಯುವಾಗ ಕಾಕಾರ ರುಮಾಲು ತಾಗಿತು.

"ತಗ್ಗಾತಲ್ಲವಾ. ನಮ್ಮ ವೃಷಭ ಇದರಾಗ ಹ್ಯಾಂಗ..."

ಅವರು ರುಮಾಲು ಸರಿಮಾಡಿಕೊಂಡು ಹೊರಗೆ ಹೋದರು.

ಎಲ್ಲರೂ ಹೋದ ಮೇಲೆ ನಾನು ತೊಲೆಯ ಕೆಳಗೆ ನಿಂತೆ. ಬಗ್ಗಬೇಕಾಗಲಿಲ್ಲ.