ಡಿಪ್ಪಿಂಗ್ ದಿನದ ಮತದಾನ

ಗ್ರಾಮ ಪಂಚಾಯಿತಿಗೆ ನಿಂತಿದ್ದ ಭೀಮಗೊಂಡ ಮತದಾನದ ದಿನವೇ ತೋಟದಲ್ಲಿ ಡಿಪ್ಪಿಂಗ್ ಇಟ್ಟುಕೊಂಡಿದ್ದ. ಎಳೆ ದ್ರಾಕ್ಷಿಯ ಒಂದೊಂದೇ ಗೊಂಚಲನ್ನು ಮಗ್ಗಿನಲ್ಲಿ ಹಿಡಿದ ಔಷಧದಲ್ಲಿ ಅದ್ದುವ ಕೆಲಸವದು; ಮಾಡುವವರು ಕೂಲಿ ಹೆಂಗಸರ ಗುಂಪು, ಅಂದರೆ ಟೋಳಿ. ಒಂದು ದಿನ ತಪ್ಪಿದರೂ ಕಾಯಿ ದಪ್ಪವಾಗುವುದಿಲ್ಲವೆಂದು ಕಾಗವಾಡದ ಕಡೆಯ ತೋಟದವರಿಗೆಲ್ಲ ಭಯ.

“ಟೋಳಿ ಹೆಂಗಸರು ವೋಟ್ ಹಾಕೂದು ಬ್ಯಾಡೇನ್ರಿ?” ಎಂದು ಹೆಂಡತಿ ಚಂದ್ರಮತಿ ಮುಂಜಾನೆಯೇ ಕೇಳಿದ್ದಳು.

“ಅವ್ರು ಗಡಿಯಾಚೆ ಜತ್ತದ ಕಡಿಯವ್ರು. ಅವ್ರ ವೋಟ್ ಇಲ್ಲೆಲ್ಲಿ ಬಂತು? ನನ್ನ ಆರಿಸಾಕ ನಮ್ಮ ಓಣಿ ಒಂದ ಸಾಕು” ಎಂದು ಅವನು ಟೊಪ್ಪಿಗೆ ಸರಿಮಾಡಿಕೊಂಡು ಹೊರಟುಹೋದ.

ಮತ ಹಾಕಿ ಬರುವಾಗ ಚಂದ್ರಮತಿ ಓಣಿಯ ಬಾಗಿಲುಗಳನ್ನೇ ನೋಡುತ್ತ ನಡೆದಳು. ಅರ್ಧಕ್ಕರ್ಧ ಬೀಗ. ಮಕ್ಕಳ ಶಾಲೆಗೆಂದು ಮಿರಜಿಗೆ ಹೋದವರು ಮತವನ್ನೂ ಅಲ್ಲಿಗೇ ಒಯ್ದಿದ್ದರು. ತೋಟದ ಮಗ್ಗುಲಿಗೆ ಟೋಳಿಯವರು ಮನೆ ಮಾಡಿಕೊಂಡಿದ್ದ ತಗಡಿನ ವಸ್ತಿಯಲ್ಲಿ ಮಾತ್ರ ವರ್ಷವರ್ಷವೂ ತೊಟ್ಟಿಲುಗಳು ಹೆಚ್ಚುತ್ತಿದ್ದವು. ಹಾಗಾದರೆ ಈ ಊರು ಈಗ ಯಾರದು? ಕಾಲುಗಳು ತಾವಾಗಿಯೇ ತೋಟದ ಕಡೆ ತಿರುಗಿದವು.

“ನಿಮ್ಮ ವೋಟ್ ಎಲ್ಲಿ ಅದಾವ ಭೀಮಾಬಾಯಿ?” ಎಂದು ಟೋಳಿಯ ಹಿರಿಯಳನ್ನು ಕೇಳಿದಳು.

“ಇಲ್ಲೇ ಅದಾವಲ್ರಿ ಅಕ್ಕಾರ! ಹುಡುಗ್ರು ಸೈತ ಇಲ್ಲೇ ಹುಟ್ಟ್ಯಾರ.”

“ಮತ್ತ ಹೋಗಲಿಲ್ಲ?”

“ಸಾವ್ಕಾರ್ರು ಔಷಧ ಕಲಸಿಟ್ಟಾರ. ನಾವು ಹೋದ್ರ ಗೊಂಚಲ ತಾವ ಬಂದು ಮುಣುಗತಾವೇನ್ರಿ?”

ಹೆಂಗಸರೆಲ್ಲ ನಕ್ಕರು. ಚಂದ್ರಮತಿಗೆ ನಗು ಬರಲಿಲ್ಲ. ಇವರು ಯಾರಿಗೆ ಹಾಕುತ್ತಾರೋ. ಗಂಡ ಸೋತರೆ ತಪ್ಪೆಲ್ಲ ತನ್ನ ತಲೆಗೆ. ಯಾರಿಗೆ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು.

“ಮಗ್ಗು ಕೆಳಗಿಡ್ರಿ. ಮೊದಲ ವೋಟ್ ಹಾಕಿ ಬರ್ರಿ. ಸಾವ್ಕಾರ್ರಿಗೆ ನಾ ಹೇಳ್ತೀನಿ.”

ಟೋಳಿಯವರನ್ನು ಮತದಾನದ ಸಾಲಿನಲ್ಲಿ ಕಂಡಿದ್ದ ಭೀಮಗೊಂಡ ಸಂಜೆ ಬೂತಿನಿಂದ ಬಂದವನೇ ಕೂಗಾಡಿದ. “ಯಾರಿಗೆ ಹಾಕ್ತೀರಂತ ಒಂದು ಮಾತರೆ ಕೇಳಿದಿಯೇನು?”

“ಇಲ್ರಿ.”

“ಶಾಣ್ಯಾಕಿ!” ಎಂದು ಅವನು ಅಣಕಿಸಿದ.

ಎಣಿಕೆಯ ದಿನ ಅವನು ಸೋತ. ಅಥಣಿಯಿಂದ ಹಿಂದಿರುಗಿ, ಕೊರಳಿಗೆ ಬೀಳದ ಹಾರವನ್ನು ಚೀಲದಲ್ಲೇ ಬಿಟ್ಟು, ಕಟ್ಟೆಯ ಮೇಲೆ ಕುಳಿತ. ಬೈಗುಳ ಬರುತ್ತದೆಂದು ಚಂದ್ರಮತಿ ಬಾಗಿಲಲ್ಲೇ ನಿಂತಿದ್ದಳು.

“ಓಣಿಯವ್ರು ಬಂದೇ ಇಲ್ಲಲೇ. ಸಾಲಿನ್ಯಾಗ ವಸ್ತಿಯವ್ರ ಹೆಚ್ಚ ಇದ್ರು,” ಎಂದ ಅವನು. ತೋಟದ ಕಡೆ ಕತ್ತೆತ್ತಿ, “ಆ ವಸ್ತ್ಯಾಗ ಎಷ್ಟ ಮನಿ ಅದಾವ?”

“ನನಗೂ ಗೊತ್ತಿಲ್ರಿ. ತೋಟದಿಂದ ತಗಡಷ್ಟ ಕಾಣ್ತಾವ.”

ಅವಳು ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕಿಳಿದಳು.

“ಬೆಳಕ ಇನ್ನೂ ಐತಿ. ಬರ್ರಿ, ನೋಡಿ ಬರೂಣು.”