ಏರು ಹತ್ತದ ಕಾರು

ಬೆಸುಗೆ ಹೊಳೆಯಿತು, ಇಲ್ಲ, ಟ್ಯೂಬ್‌ಲೈಟ್ ಮಿನುಗಿದ್ದಷ್ಟೇ, ಇನ್ನೂ ಕರಗಿಲ್ಲ, ಬಿಸಿಗಾಳಿಯ ಗನ್ನನ್ನು ಚಿಪ್ಪಿನ ಸುತ್ತ ಆಡಿಸುತ್ತಲೇ ಇರಬೇಕು, ಒಂದೇ ಕಡೆ ನಿಂತರೆ ಬೋರ್ಡು ಉಬ್ಬುತ್ತದೆ, ಬೋರ್ಡು ಉಬ್ಬಿದರೆ ಅಕ್ಕನ ಕಾರಿನ ಕಥೆ ಅಲ್ಲಿಗೆ ಮುಗಿಯಿತು — ಅವಳು ಉಸಿರು ಬಿಗಿಹಿಡಿದಳು, ಚಿಮಟದ ತುದಿ ಮತ್ತೆ ಮತ್ತೆ ಜಾರುತ್ತಿದೆ, ಎಷ್ಟು ಕಾರುಗಳ ಇಂಜಿನ್ ಕಂಪ್ಯೂಟರ್ ಬಿಚ್ಚಿಲ್ಲ ಈ ಕೈ, ಊರವರದಾದರೆ ಹಾಡು ಗುನುಗುತ್ತಾ ಬಿಚ್ಚುತ್ತದೆ, ಅಕ್ಕನದು ಅಂದ ಕೂಡಲೇ ಹೀಗೆ ಕೈಕೊಡುತ್ತದೆ. ಹೊರಗೆ ಗ್ಯಾರೇಜಿನ ಶಟರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕ, ನರ್ಸಿನ ಬಿಳಿ ಕೋಟು ಮಡಿಲಲ್ಲಿ ಮುದ್ದೆಯಾಗಿದೆ, ಆಯ್ತಾ ಪುಟ್ಟಿ, ಇನ್ನೂ ಎಷ್ಟು ಹೊತ್ತೇ, ಅವರು ಬರೋದ್ರೊಳಗೆ ನಾನು ಮನೇಲಿರ್ಬೇಕು. ಅವರು ಅಂದರೆ ಭಾವ. ಭಾವನಿಗೆ ಹೇಳದೆ ಕಾರು ತಂದಿದ್ದಾಳೆ, ಮದುವೆಯಾದ ಮೇಲೆ ಅವರಿಗೆ ಹೇಳದೆ ಅಕ್ಕ ಮಾಡಿದ ಮೊದಲ ಕೆಲಸ ಇದೇ ಇರಬೇಕು, ಗುಡ್ಡದಾಚೆಯ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಹುದ್ದೆ ಸಿಕ್ಕಿದೆ, ಸೋಮವಾರ ಸೇರಬೇಕು, ಆದರೆ ಕಾರು ಏರು ಹತ್ತುವುದಿಲ್ಲ, ಕಾಲು ಪೂರ್ತಿ ಒತ್ತಿದರೂ ಮುಲುಗುತ್ತದೆ. ಭಾವ ನಗುತ್ತಾರೆ, ಕಾರು ಹಳೇದು, ಅದರ ಮೇಲೆ ನಿಮ್ಮಕ್ಕನ ಡ್ರೈವಿಂಗು, ದೇವರೇ ಕಾಪಾಡ್ಬೇಕು, ಆ ಕೆಲಸ ಬೇಡ ಅಂತ ನೀನಾದರೂ ಹೇಳಮ್ಮ. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿ ನೋಡಿದರೆ ಎಲ್ಲ ಸರಿಯಿದೆ ಅನ್ನುತ್ತದೆ, ಗಾಳಿ ಸರಿ, ಪೆಟ್ರೋಲ್ ಸರಿ, ಎಲ್ಲ ಸರಿಯಿದ್ದೂ ಕಾರು ಏಳುವುದಿಲ್ಲ ಅಂದರೆ ಕಾರಿನ ಬುದ್ಧಿಯನ್ನೇ ಬಿಚ್ಚಿ ನೋಡಬೇಕು, ಅದಕ್ಕೇ ಈಗ ಈ ಪೆಟ್ಟಿಗೆ, ಈ ಬೋರ್ಡು, ಈ ಉಗುರಗಲದ ಮೆಮೊರಿ ಚಿಪ್ — ಕರಗಿತು, ಈಗ ನಿಜವಾಗಿ, ಸುತ್ತಲಿನ ಕಾಲುಗಳೆಲ್ಲ ಕನ್ನಡಿಯಂತಾದವು, ಆತುರ ಬೇಡ ಕಣಮ್ಮ, ಬೆಸುಗೆ ತಾನಾಗೇ ಬಿಡುತ್ತೆ, ನೀನು ಕೀಳಬಾರದು, ಈ ಕೆಲಸ ಕಲಿಸಿದ ಭಾವನದೇ ಮಾತು. ಚಿಪ್ ಮೆತ್ತಗೆ ಎದ್ದು ಬಂತು.

ಅದರ ಜೊತೆ ಏನೋ ಸುಟ್ಟ ವಾಸನೆ ಬಂತು, ಸಿಹಿ ಸಿಹಿ, ಅಸಹ್ಯ, ಅದು ಬೋರ್ಡಿನ ವಾಸನೆಯಲ್ಲ, ಏನೆಂದು ಅವಳಿಗೆ ಗೊತ್ತು, ಗೊತ್ತಿಲ್ಲದವಳಂತೆ ಚಿಪ್ಪನ್ನು ಒರೆಸಿ ರೀಡರಿನಲ್ಲಿ ಕೂರಿಸುತ್ತಾಳೆ. ಮುಚ್ಚಳ ತೆಗೆಯುವಾಗಲೇ ಕಂಡಿತ್ತು, ಚಿಪ್ಪಿನ ಕಾಲುಗಳ ಮೇಲೆ ತೆಳು ಗುಲಾಬಿ ಹೊಳಪು, ಕಂಪನಿಯವರು ಬಳಿಯುವ ಲೇಪ ಬಣ್ಣವಿಲ್ಲದ್ದು, ಗುಲಾಬಿ ಯಾಕಿರುತ್ತದೆ, ಷೋರೂಮಿನಿಂದಲೇ ಕೊಂಡ ಕಾರು, ಬೇರೆ ಯಾರ ಕೈಗೂ ಹೋಗಿಲ್ಲ. ನೈಲ್ ಪಾಲಿಶ್. ಚಿಪ್ ಕೂರಿಸಿದ ಮೇಲೆ ತೇವ ತಾಗದಂತೆ ಒಂದು ಕೈ ನೈಲ್ ಪಾಲಿಶ್ ಬಳಿಯುವುದನ್ನು ಅವಳಿಗೆ ಕಲಿಸಿದವರು ಯಾರು, ಹೆಂಗಸಿಗೆ ಯಾಕಮ್ಮ ಈ ಕೆಲಸ ಅಂತ ಬೀದಿಯ ಮೆಕ್ಯಾನಿಕ್ಕುಗಳೆಲ್ಲ ಹಲ್ಲು ಕಿರಿದಾಗ ಚಿಮಟ ಕೈಗಿಟ್ಟು ಪಕ್ಕದಲ್ಲಿ ಕೂರಿಸಿಕೊಂಡವರು ಯಾರು, ಆಗೆಲ್ಲ ಅಕ್ಕ ಕನ್ನಡಿ ಮುಂದೆ ನಿಂತು ಕೂಗುತ್ತಿದ್ದಳು, ರೀ, ನನ್ನ ಬಾಟ್ಲಿ ಮತ್ತೆ ಎತ್ಕೊಂಡ್ ಹೋದ್ರಾ, ಭಾವ ಕಣ್ಣು ಮಿಟುಕಿಸಿ, ನಿನ್ನ ಉಗುರಿಗಿಂತ ನನ್ನ ಬೋರ್ಡಿಗೇ ಚೆನ್ನಾಗಿ ಒಪ್ಪುತ್ತೆ ಬಿಡೇ, ಮೂವರೂ ನಗುತ್ತಿದ್ದರು, ಎಷ್ಟು ನಗುತ್ತಿದ್ದರು. ಇರಲಿ, ಯಾವುದೋ ರಿಪೇರಿಗೆ ಬಿಚ್ಚಿರಬಹುದು, ಒಳ್ಳೆಯದಕ್ಕೇ ಬಿಚ್ಚಿರಬಹುದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಂಕಿಗಳು ಇಳಿಯತೊಡಗಿದವು, ಇದೇ ಮಾದರಿಯ ಇನ್ನೊಂದು ಕಾರಿನಿಂದ ತೆಗೆದಿಟ್ಟಿದ್ದ ನಕಲನ್ನು ಪಕ್ಕಕ್ಕಿಟ್ಟು ಎರಡನ್ನೂ ಹೋಲಿಸು ಅಂದಳು, ಎರಡೂ ಒಂದೇ ಆಗಿರಲಿ, ಎಲ್ಲೂ ವ್ಯತ್ಯಾಸದ ಕೆಂಪು ಬಾರದಿರಲಿ, ತಪ್ಪು ನನ್ನ ಮೂಗಿನದೇ ಆಗಿರಲಿ — ಬಂತು. ಕೆಂಪು. ಒಂದು ಸಾಲು, ಅದರ ಕೆಳಗೆ ಇಡೀ ಕೋಷ್ಟಕ. ಕಾಲು ಎಷ್ಟು ಒತ್ತಿದರೆ ಇಂಜಿನ್ ಎಷ್ಟು ಬಾಯಿ ತೆರೆಯಬೇಕು ಅನ್ನುವ ಕೋಷ್ಟಕ, ಪೂರ್ತಿ ಒತ್ತಿದರೂ ಅರ್ಧ, ಅರ್ಧ ಒತ್ತಿದರೆ ಕಾಲು ಭಾಗ, ಹಾಳಾದ ಚಿಪ್ಪಿನಲ್ಲಿ ಅಂಕಿ ಹೀಗೆ ಸಾಲಾಗಿ ಇಳಿಯುವುದಿಲ್ಲ, ಯಾರೋ ಕೂತು, ಸಾವಧಾನವಾಗಿ, ಮೆಟ್ಟಿಲು ಕಡಿದ ಹಾಗೆ ಇಳಿಸಿದ್ದಾರೆ, ಅಂಕಿ ಬದಲಾದರೆ ಗುಟ್ಟು ರಟ್ಟು ಮಾಡುವ ಕೊನೆಯ ತಾಳೆ ಸಂಖ್ಯೆಯನ್ನೂ ಸರಿಮಾಡಿದ್ದಾರೆ, ಅದಕ್ಕೇ ಸ್ಕ್ಯಾನರ್ ಬಾಯಿ ಬಿಡಲಿಲ್ಲ, ಎಷ್ಟು ನೀಟಾದ ಕೆಲಸ, ನೋಡಿದರೆ ಮೆಚ್ಚಬೇಕು ಅನ್ನಿಸುವಂಥ ಕೆಲಸ.

ಆ ಪಾದ. ಅವತ್ತು ಹಿಂದಿನ ಸೀಟಿನಿಂದ ಅವಳಿಗೆ ಕಂಡಿದ್ದು ಅದೊಂದೇ, ಗುಡ್ಡದ ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಅಕ್ಕ ಪಕ್ಕಕ್ಕೆ ಸರಿದಿದ್ದಾಳೆ, ಎದುರಿನಿಂದ ಬಸ್ಸು, ಕಾರು ಏಳುತ್ತಿಲ್ಲ, ಅಕ್ಕನ ಬಲಪಾದ ಪೆಡಲಿನ ಸಮೇತ ನೆಲಕ್ಕೆ ಅಂಟಿಹೋಗಿದೆ, ಬೆರಳುಗಳಲ್ಲಿ ರಕ್ತವಿಲ್ಲ, ಒತ್ತೇ ಒತ್ತೇ ಅಂತ ಭಾವ ಪಕ್ಕದಲ್ಲಿ ಕಿರುಚುತ್ತಿದ್ದಾರೆ, ಒತ್ತೇ ಅಂತ, ಅವರೇ! ಲಾರಿಯವನು ಬ್ರೇಕ್ ಹೊಡೆದು ಜಾಗ ಬಿಟ್ಟಿದ್ದಕ್ಕೆ ಬದುಕಿದರು, ಆಮೇಲೆ ಅಕ್ಕ ಏರು ದಾರಿಗೆ ಕಾರು ತೆಗೆಯಲಿಲ್ಲ, ಅಂಗಡಿಗೆ, ಮನೆಗೆ, ಅಷ್ಟೇ. ಈಗ ಮೇಜಿನ ಮೇಲೆ ಫೋನ್ ಕುಣಿಯುತ್ತಿದೆ, ಭಾವ, ತೆಗೆಯಬಾರದು, ತೆಗೆದಳು. ನಿಮ್ಮಕ್ಕ ಅಲ್ಲಿದ್ದಾಳಾ. ಹೂಂ ಭಾವ. ಕಾರು ತಂದಿದ್ದಾಳಾ. ಹೂಂ. ಅದೇ ಮೆತ್ತನೆ ದನಿ, ಅದನ್ನ ಬಿಚ್ಚೋಕೆ ಹೋಗ್ಬೇಡಮ್ಮ, ಬೋರ್ಡ್ ವೀಕಾಗಿದೆ, ಸತ್ತುಹೋದ್ರೆ ನಾನೂ ಬದುಕಿಸೋಕಾಗಲ್ಲ, ಬರ್ತಾ ಇದೀನಿ, ಅಲ್ಲೇ ಇರಿ. ಭಾವ, ನೀವೇನಾದ್ರೂ ಇದನ್ನ ಯಾವಾಗಾದ್ರೂ — ಮಾತು ಮುಗಿಸಲು ಅವರು ಬಿಡಲಿಲ್ಲ. ನಿಮ್ಮಕ್ಕನಿಗೆ ಸ್ಪೀಡ್ ಆಗ್ಬರಲ್ಲ ಕಣಮ್ಮ, ನಿಂಗೊತ್ತಲ್ಲ, ಎಲ್ಲಾ ಅವಳ ಒಳ್ಳೇದಕ್ಕೇ.

ಬರುತ್ತಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಕೇಳಲಿಲ್ಲ, ಕೇಳಬೇಕಿತ್ತು, ಅಂಕಿಗಳನ್ನು ಒಂದೊಂದಾಗಿ ಮೂಲಕ್ಕೆ ತಂದಳು, ಚಿಪ್ಪಿಗೆ ಬರೆ ಅಂದಳು, ಪರದೆಯ ಹಸಿರು ಪಟ್ಟಿ ಬಸವನಹುಳುವಿನ ಹಾಗೆ ತೆವಳುತ್ತಿದೆ, ಈಗ ಕರೆಂಟ್ ಹೋದರೆ ಮುಗಿಯಿತು, ಭಾವ ಹೇಳಿದ್ದೇ ನಿಜವಾಗುತ್ತದೆ, ನೋಡಿದ್ಯಾ, ಬೇಡ ಅಂದಿರಲಿಲ್ವಾ ಅನ್ನುತ್ತಾರೆ, ಕರೆಂಟ್ ಹೋಗಲಿಲ್ಲ, ಓದಿ ತಾಳೆ ನೋಡಿದಳು, ಸರಿ, ಚಿಪ್ಪನ್ನು ತಿರುಗಿ ಕೂರಿಸಿ ಬೆಸುಗೆ ಹಿಡಿದಳು, ನೈಲ್ ಪಾಲಿಶ್ ಬಾಟಲಿಗೆ ಕೈ ಹೋಯಿತು, ಕೈ ಹಿಂದೆಗೆದಳು. ಪೆಟ್ಟಿಗೆಯನ್ನು ಕಾರಿಗೆ ಸಿಕ್ಕಿಸಿ ಕೀಲಿ ತಿರುಗಿಸಿದರೆ ಏನಿಲ್ಲ, ಇನ್ನೊಮ್ಮೆ, ಕೆಮ್ಮಿ ಹತ್ತಿಕೊಂಡಿತು. ಅಕ್ಕ, ನೀನೇ ಓಡಿಸು. ಅಯ್ಯೋ ನಾನಾ, ಬೇಡ್ವೇ. ನೀನೇ.

ಮೇಲ್ಸೇತುವೆಯ ಏರು, ಅಕ್ಕ ಅಭ್ಯಾಸಬಲದಿಂದ ಪೂರ್ತಿ ಒತ್ತಿಬಿಟ್ಟಳು, ಕಾರು ಚಂಗನೆ ಹಾರಿತು, ಅಮ್ಮಾ ಅಂತ ಚೀರಿ ಕಾಲು ಎತ್ತಿದಳು, ಏನ್ ಮಾಡ್ದೆ ಇದಕ್ಕೆ, ಏನಾಗಿತ್ತೇ. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿ ಅವಳು ರಸ್ತೆ ನೋಡುತ್ತಲೇ ಹೇಳಿದಳು, ಏನೂ ಆಗಿರ್ಲಿಲ್ಲ ಅಕ್ಕ, ಭಾವ ಕಟ್ಟಿಹಾಕಿದ್ರು, ಚಿಪ್ ತೆಗೆದು, ಅಂಕಿ ಇಳಿಸಿ, ಅವರೇ. ಕಾರು ಏರಿನ ನಡುವೆ ನಿಧಾನವಾಗುತ್ತಿದೆ, ಹಿಂದಿನವರು ಹಾರ್ನ್ ಹೊಡೆಯುತ್ತಿದ್ದಾರೆ. ಅಕ್ಕ ಹಾರ್ನಿಗೆ ಕಿವಿಗೊಡದೆ, ಇಷ್ಟು ವರ್ಷ ನನ್ನ ಕಾಲಿನದೇ ತಪ್ಪು ಅಂದ್ಕೊಂಡಿದ್ನಲ್ಲೇ, ಅಷ್ಟೇ ಅಂದಳು. ಅವಳ ಮಡಿಲಲ್ಲಿ ಮತ್ತೆ ಭಾವನ ಫೋನ್ ಕುಣಿಯುತ್ತಿದೆ, ಹಾರ್ನು, ಹಾರ್ನು, ಒತ್ತು ಅಕ್ಕ ಅನ್ನಬೇಕು, ಅನ್ನಬಾರದು, ಆ ಮಾತು ಭಾವನದು, ಅವಳು ಕೆಳಗೆ ನೋಡಿದಳು — ಆ ಪಾದ, ಪೆಡಲಿನ ಮೇಲೆ, ಮುಟ್ಟದೆ, ಗಾಳಿಯಲ್ಲಿ, ನಡುಗುತ್ತಾ, ಆ ಪಾದ.